ಟಾಕಿಯ ಕೆಳಗಿನ ನಲವತ್ತೊಂದು ಚುಕ್ಕೆಗಳು

ನಾನು ನಿವೃತ್ತನಾದ ಮೇಲೆ ಕಂಪನಿಯವರು ಒಂದು ದಿನ ಫೋನು ಮಾಡಿ, ಹೊಸದಾಗಿ ಸೇರಿದವರಿಗೆ ಎರಡು ಮಾತು ಹೇಳಿ ಎಂದು ಕರೆದರು. ಬೀದರಿನ ಕಚೇರಿಯ ತಣ್ಣನೆಯ ಕೋಣೆ. ಎದುರಿಗೆ ಆರು ಜನ, ಆರು ಲ್ಯಾಪ್‌ಟಾಪು. "ಶ್ರದ್ಧೆಯಿಂದ ಕೆಲಸ ಮಾಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ" ಎಂದು ಹೇಳಿ, ಕೊಟ್ಟ ಬಿಸ್ಕೀಟು ತಿಂದು, ಹೊದಿಸಿದ ಶಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಬಂದ ಮೇಲೆ ನಾಚಿಕೆಯಾಯಿತು. ಹದಿನೆಂಟು ವರ್ಷ ಬೀದರ ಜಿಲ್ಲೆಯ ಬಿಸಿಲು ತಿಂದವನು ಹೇಳುವ ಮಾತೇ ಅದು? ಊಟ ಮಾಡಿ ಎಂದು ಅವರ ಅಮ್ಮ ಹೇಳುವುದಿಲ್ಲವೇ?

ಆ ಆರು ಜನರ ಎದುರು ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ಪ್ರಮಾಣಪತ್ರ, ಗ್ರೂಪ್ ಫೋಟೊ ಎಲ್ಲ ಬಿಟ್ಟುಬಿಡುತ್ತೇನೆ. ಒಂದು ಗೋಡೆ ಗಡಿಯಾರವನ್ನು ಮಾತ್ರ ಬಿಡುವಂತಿಲ್ಲ. ಒಂದು ತಿಂಗಳಲ್ಲಿ ಒಂದೇ ದಿನ ಎಲ್ಲರಿಗಿಂತ ಹೆಚ್ಚು ಕೆಲಸ ಮುಗಿಸಿದ್ದಕ್ಕೆ ನನಗೆ ಕೊಟ್ಟ ಬಹುಮಾನ ಅದು. ಆ ದಿನ ನಾನು ಮಾಡಿದ ಕೆಲಸದಿಂದಲೇ ಔರಾದ ತಾಲೂಕಿನ ಒಂದು ವಾಡಿಯಲ್ಲಿ, ಎಂದರೆ ಊರಿನಾಚೆಯ ಪುಟ್ಟ ಹಳ್ಳಿಯಲ್ಲಿ, ಹದಿನಾಲ್ಕು ಮನೆಯ ಹೆಂಗಸರು ಕಟ್ಟಿಕೊಂಡ ಹಾಲಿನ ಕೇಂದ್ರ ಮುಚ್ಚಿಹೋಗುವುದರಲ್ಲಿತ್ತು.

ಮೊದಲು ಕೆಲಸ ಏನೆಂದು ಹೇಳಬೇಕು. ನಿಮ್ಮ ಫೋನಿನ ನಕ್ಷೆಯಲ್ಲಿ ಹಿಟ್ಟಿನ ಗಿರಣಿ, ಔಷಧಿ ಅಂಗಡಿ, ಸಾಲೆ, ದರ್ಗಾ, ಬಸ್ ನಿಲ್ದಾಣ ಎಂದು ಚುಕ್ಕೆಗಳು ಕಾಣುತ್ತವಲ್ಲ, ಅವು ಆಕಾಶದಿಂದ ಉದುರಿದವಲ್ಲ. ನನ್ನಂಥವರು ಊರೂರು ತಿರುಗಿ ಒಂದೊಂದನ್ನೇ ಇಟ್ಟದ್ದು. ನಕ್ಷೆ ಬೇರೆ ಯಾರದೋ. ನಮ್ಮದು ಅವರಿಗೆ ಚುಕ್ಕೆ ಒದಗಿಸುವ ಸಣ್ಣ ಗುತ್ತಿಗೆ ಕಂಪನಿ. ನಾನು ಅದಕ್ಕೂ ಮೊದಲು ಬೀದರಿನಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದೆ. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಅಕ್ಷರ ಕೈಗೆ ಕೂತಿದ್ದವು. ಫ್ಲೆಕ್ಸ್ ಬಂತು, ಕುಂಚ ಒಣಗಿತು. ನಾಲ್ಕು ಲಿಪಿ ಓದಬಲ್ಲ, ಬಿಸಿಲಿಗೆ ಅಂಜದ ಮನುಷ್ಯ ಬೇಕು ಎಂದು ಕಂಪನಿ ಹುಡುಕುತ್ತಿದ್ದಾಗ ನಾನು ಸಿಕ್ಕೆ. ಹೆಸರು ಮಹಬೂಬ್ ಎಂದೊಡನೆ ಸಂದರ್ಶನ ಮುಗಿಯಿತು. ಸಂದರ್ಶನ ಮಾಡಿದ ರಾವ್ ಸಾಹೇಬರ ಸ್ವಂತ ತಮ್ಮನ ಅಂಗಡಿಗೆ ನಾನೇ ಬೋರ್ಡು ಬರೆದಿದ್ದೆ.

ರಾವ್ ಸಾಹೇಬರು ನನ್ನ ಮೊದಲ ಮೇಲಧಿಕಾರಿ. ಬಿಳಿ ಪೈಜಾಮ, ಜೇಬಿನಲ್ಲಿ ಎರಡು ಪೆನ್ನು, ಬಾಯಲ್ಲಿ ಏಲಕ್ಕಿ. ಅವರು ಕಲಿಸಿದ್ದು ಒಂದೇ ನಿಯಮ. ಮೊದಲ ದಿನ ಬಗದಲ್‌ಗೆ ಕರೆದುಕೊಂಡು ಹೋಗಿ ಒಂದು ಕಿರಾಣಿ ಅಂಗಡಿಯ ಮುಂದೆ ನಿಲ್ಲಿಸಿ ಕೇಳಿದರು: "ಅಂಗಡಿ ಎಲ್ಲದ?"

"ಇಲ್ಲೇ ಅದಲ್ರಿ" ಎಂದೆ.

"ಇಲ್ಲೇ ಅಂದ್ರ ಎಲ್ಲಿ? ನೀ ರಸ್ತಾದಾಗ ನಿಂತೀದಿ. ಹೋಗಿ ಹೊಸ್ತಿಲ ಮ್ಯಾಲ ಕಾಲಿಡು. ಹಾಂ. ಈಗ ಒತ್ತು."

ಹೊಸ್ತಿಲಿಗೆ ಕಾಲಿಡದೆ ಚುಕ್ಕೆ ಇಡಬಾರದು. ಇಷ್ಟೇ. ಆಗ ನಮ್ಮ ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಯಂತ್ರ ಇರುತ್ತಿತ್ತು. ಅದು ಆಕಾಶ ನೋಡಿ ತಾನೆಲ್ಲಿದ್ದೇನೆ ಎಂದು ತಿಳಿಯಲು ಒಮ್ಮೊಮ್ಮೆ ಐದು ನಿಮಿಷ ಹಿಡಿಯುತ್ತಿತ್ತು. ಆ ಐದು ನಿಮಿಷ ಪರರ ಹೊಸ್ತಿಲ ಮೇಲೆ ಒಂಟಿ ಕಾಲಿಟ್ಟು ನಿಂತರೆ ಮನೆಯವರು ಸುಮ್ಮನಿರುತ್ತಾರೆಯೇ? ಬೈಯುವವರು ಬೈದರು, ಚಹ ಕೊಡುವವರು ಕೊಟ್ಟರು. ಕೊಟ್ಟವರೇ ಹೆಚ್ಚು.

ಆ ಚಹದಿಂದಲೇ ನನ್ನ ಮೊದಲ ದೊಡ್ಡ ತಪ್ಪಾಯಿತು.

ಬೀದರಿನ ಹಳೆಯ ಊರಿನಲ್ಲಿ ಗಲ್ಲಿಗಳನ್ನು ಗುರುತಿಸುವ ಕೆಲಸ. ಗಲ್ಲಿಗಳಿಗೆ ಬೇರೆ ವಿಧಾನ: ಯಂತ್ರವನ್ನು ಚಾಲೂ ಇಟ್ಟು ನಡೆದರೆ ಸಾಕು, ನಾವು ನಡೆದ ದಾರಿಯೇ ನಕ್ಷೆಯಲ್ಲಿ ರಸ್ತೆಯ ಗೆರೆಯಾಗುತ್ತದೆ. ಮಧ್ಯಾಹ್ನದ ಹೊತ್ತು ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಜೈನಬ್ ಖಾಲಾ ಬಾಗಿಲಲ್ಲಿ ನಿಂತಿದ್ದರು. ಅವರ ತಮ್ಮನೂ ನಾನೂ ಒಂದೇ ಸಾಲೆಯಲ್ಲಿ ಓದಿದವರು. ಬಿಸಿಲಲ್ಲಿ ಎಲ್ಲಿ ಅಲೆಯುತ್ತಿದ್ದೀ ಎಂದು ಒಳಗೆ ಎಳೆದುಕೊಂಡರು. ಪಡಸಾಲೆಯಲ್ಲಿ ಕೂರಿಸಿ ಚಹ ಕೊಟ್ಟರು, ಅಡುಗೆಮನೆಗೆ ಕರೆದು ಖುಬಾನಿ ಮೀಠಾ ಎಂಬ ಸಿಹಿ ಕೊಟ್ಟರು. ಆ ಮನೆಗೆ ಎರಡು ಗಲ್ಲಿಗೆ ಎರಡು ಬಾಗಿಲು. ಸುತ್ತು ಬಳಸಿ ಯಾಕೆ ಹೋಗುತ್ತೀ ಎಂದು ಹಿಂದಿನ ಬಾಗಿಲಿನಿಂದ ಕಳಿಸಿಕೊಟ್ಟರು. ಯಂತ್ರ ನನ್ನ ಹೆಗಲ ಚೀಲದಲ್ಲಿ ಚಾಲೂ ಇತ್ತು.

ಮೂರು ತಿಂಗಳ ನಂತರ ಖಾಲಾ ಮನೆಗೆ ಬರಹೇಳಿದರು. ಬೈದದ್ದು ದಖನಿಯಲ್ಲಿ, ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ.

"ಬಾರಪ್ಪಾ ನವಾಬಾ, ಬಾ. ನಮ್ಮ ಅಡಗಿಮನ್ಯಾಗ ರಸ್ತಾ ಯಾವಾಗ ಮಾಡ್ಸಿದಿ? ಮುಂಜಾನಿಂದ ನಾಕು ಮೋಟಾರ್ ಸೈಕಲ್ ಬಂದಾವ. ಒಬ್ಬಾಂವ ಹಾರನ್ ಹೊಡದು, 'ಅಮ್ಮಾ, ಒಲಿ ಸ್ವಲ್ಪ ಬಾಜೂ ತಗೀರಿ, ನಕ್ಷಾದಾಗ ದಾರಿ ಸೀದಾ ಅದ' ಅಂತಾನ!"

ಕಚೇರಿಗೆ ಹೋಗಿ ಆ ಗೆರೆ ಅಳಿಸಿ ಎಂದು ಬರೆದುಕೊಟ್ಟೆ. ಇಡುವುದು ಒಂದು ನಿಮಿಷದ ಕೆಲಸ, ಅಳಿಸುವುದು ಒಂದೂವರೆ ವರ್ಷದ ಕೆಲಸ ಎಂದು ಆಗ ಗೊತ್ತಾಯಿತು. ಅಷ್ಟು ದಿನ ಖಾಲಾ ಅಂಗಳಕ್ಕೆ ಅಡ್ಡಲಾಗಿ ಮಂಚ ಹಾಕಿ, ಅದರ ಮೇಲೆ ಕೂತು, ದಾರಿ ತಪ್ಪಿ ಬಂದವರಿಗೆ ನೀರು ಕೊಟ್ಟು, ಊರು ಕೇರಿ ವಿಚಾರಿಸಿ, ವಾಪಸ್ಸು ಕಳಿಸುತ್ತಿದ್ದರು. ಕೊನೆಗೊಂದು ದಿನ ಗೆರೆ ಹೋಯಿತು. ಖುಷಿಯಿಂದ ಹೇಳಲು ಹೋದರೆ ಅವರ ಮುಖ ಸಣ್ಣದಾಯಿತು. "ಅದಕ್ಕ ಅನ್ನು, ಎಂಟು ದಿನದಿಂದ ಯಾರೂ ಬಂದಿಲ್ಲ. ಮಾತಾಡ್ಲಿಕ್ಕ ಒಬ್ಬರೂ ಇಲ್ಲ. ವಾಪಸ್ ಹಾಕಿಬಿಡು" ಎಂದರು.

ಭಾಲ್ಕಿ ಕಡೆ ಇನ್ನೊಂದು ತಪ್ಪು ಮಾಡಿದೆ. ಸಾಯಗಾಂವ ದಾರಿಯಲ್ಲಿ ಒಂದು ಬಯಲಿನಲ್ಲಿ ಸಾಲುಸಾಲಾಗಿ ಅಂಗಡಿ ಕಂಡವು. ಬಳೆ, ಪಾತ್ರೆ, ಮೆಣಸಿನಕಾಯಿ, ಹಗ್ಗ, ಚಪ್ಪಲಿ. ಒಂದೇ ಮೈದಾನದಲ್ಲಿ ಇಷ್ಟು ಫಸಲು ಸಿಕ್ಕಿತಲ್ಲ ಎಂದು ಹಿಗ್ಗಿ ಐವತ್ತೆರಡು ಚುಕ್ಕೆ ಇಟ್ಟೆ. ಹೊಸ್ತಿಲು ಇರಲಿಲ್ಲ, ತಾಡಪತ್ರಿಯ ಅಂಚಿಗೆ ಕಾಲಿಟ್ಟೆ. ಮರುದಿನ ತಪಾಸಣೆಗೆ ಹೋದ ರಾವ್ ಸಾಹೇಬರು ಅಲ್ಲಿಂದಲೇ ಫೋನು ಮಾಡಿದರು.

"ಮಹಬೂಬ್, ನಾ ಈಗ ನಿನ್ನ ಬಳೆ ಅಂಗಡ್ಯಾಗ ನಿಂತೀನಿ. ಎರಡು ನಾಯಿ ಮಲಗ್ಯಾವ. ಯಾವುದು ಮಾಲಕ, ಯಾವುದು ಗಿರಾಕಿ ಹೇಳು."

ವಾರದ ಸಂತೆಯನ್ನು ನಾನು ಕಾಯಂ ಮಾರುಕಟ್ಟೆ ಮಾಡಿಬಿಟ್ಟಿದ್ದೆ. ಸಾಹೇಬರು ಸಿಟ್ಟಾಗಲಿಲ್ಲ. ಐವತ್ತೆರಡನ್ನೂ ನನ್ನ ಕೈಯಿಂದಲೇ ಒಂದೊಂದಾಗಿ ಅಳಿಸಿಸಿದರು, ಅಷ್ಟೇ. ಈಗಲೂ ಭಾಲ್ಕಿಯ ಬಸ್ಸಿನಲ್ಲಿ ಆ ಬಯಲು ದಾಟುವಾಗ ನನಗೆ ನಗು ಬರುತ್ತದೆ.

ಸಾಹೇಬರು ನಿವೃತ್ತರಾದರು. ಇಟ್ಟಿಗೆಯಂಥ ಯಂತ್ರ ಹೋಗಿ ಕೈಗೆ ಫೋನು ಬಂತು. ಹೊಸ ಮ್ಯಾನೇಜರು ಬಂದರು. ಒಳ್ಳೆಯ ಮನುಷ್ಯ, ಆದರೆ ಹೊಸ್ತಿಲು ಎಂದರೆ ಏನೆಂದು ಕೇಳುವ ಜಾತಿಯವರು. "ಇವತ್ತು ಎಷ್ಟಾಯ್ತು?" ಎಂಬುದೊಂದೇ ಅವರ ಪ್ರಶ್ನೆ. ಯಾರು ಎಷ್ಟು ಚುಕ್ಕೆ ಇಟ್ಟರು ಎಂದು ಸಂಜೆ ಗೋಡೆಯ ಮೇಲೆ ಪಟ್ಟಿ ಏರುತ್ತಿತ್ತು. ನಾನು ಮೊದಲಿನಿಂದಲೂ ಪಟ್ಟಿಯ ಕೆಳಗಿನ ತುದಿಯಲ್ಲಿ. ನನ್ನ ಹೆಸರು ಅಲ್ಲಿ ನೋಡಿ ನೋಡಿ ನನಗೂ ಹೊಟ್ಟೆಕಿಚ್ಚು ಹತ್ತಿಕೊಂಡಿತು.

ಹಾಗಿರುವಾಗ ಒಂದು ಏಪ್ರಿಲ್ ಮಧ್ಯಾಹ್ನ ಚಿಂತಾಕಿಯಿಂದಲೂ ಮುಂದೆ, ಗಡಿ ಹತ್ತಿರದ ಒಂದು ಊರಿಗೆ ಹೋದೆ. ಊರಿನ ಹೆಸರು ಹೇಳುವುದಿಲ್ಲ. ತಪ್ಪು ನನ್ನದು, ಹೆಸರು ಅವರದು ಯಾಕೆ ಕೆಡಬೇಕು? ಆ ಊರಿನಲ್ಲಿ ಮೊಬೈಲ್ ಸಿಗ್ನಲ್ ಬರುವುದು ಒಂದೇ ಜಾಗದಲ್ಲಿ: ಎತ್ತರದ ನೀರಿನ ಟಾಕಿಯ ಕೆಳಗೆ. ಊರಿನ ಜನ ಮಗಳ ಜೊತೆ ಮಾತಾಡಬೇಕಾದರೆ, ಪೇಟೆಯ ದರ ಕೇಳಬೇಕಾದರೆ, ಟಾಕಿಯ ಕಟ್ಟೆಗೇ ಬಂದು ಕೂರುತ್ತಾರೆ. ನೆರಳೂ ಚೆನ್ನಾಗಿದೆ.

ಇಲ್ಲಿ ಒಂದು ವಿಷಯ ತಿಳಿಯಬೇಕು. ಫೋನಿಗೆ ತಾನೆಲ್ಲಿದ್ದೇನೆ ಎಂದು ತಿಳಿಯಲು ಸಿಗ್ನಲ್ ಬೇಕಿಲ್ಲ, ಆದರೆ ಅದನ್ನು ಕಂಪನಿಗೆ ಕಳಿಸಲು ಬೇಕು. ಆಗಿನ ನಮ್ಮ ಆ್ಯಪ್ ಹೇಗಿತ್ತೆಂದರೆ, ಕಳಿಸುವ ಬಟನ್ನು ಎಲ್ಲಿ ಒತ್ತಿದೆವೋ ಅದನ್ನೇ ಅಂಗಡಿಯ ಜಾಗವೆಂದು ಬರೆದುಕೊಳ್ಳುತ್ತಿತ್ತು. ಸಿಗ್ನಲ್ ಇಲ್ಲದ ಊರಿನಲ್ಲಿ ಒಂದೊಂದು ಚುಕ್ಕೆಯನ್ನೂ ಆಮೇಲೆ ಬೆರಳಿನಿಂದ ಎಳೆದು ಅದರ ಜಾಗಕ್ಕೆ ಕೂರಿಸಬೇಕು. ನಾನು ಕಟ್ಟೆಯ ಮೇಲೆ ಕೂತೆ. ಸುತ್ತ ಕೂತವರು ತಾವೇ ಹೇಳತೊಡಗಿದರು: ಗಿರಣಿ ಬರಕೊಳ್ರಿ, ಟೇಲರ್ ಅಂಗಡಿ ಬರಕೊಳ್ರಿ, ಸಾಲಿ ಬರಕೊಳ್ರಿ, ಹಾಲಿನ ಕೇಂದ್ರ ಬರಕೊಳ್ರಿ. ಬರೆದುಕೊಂಡೆ, ಒತ್ತಿದೆ. ಅಷ್ಟರಲ್ಲಿ ಪಕ್ಕದ ವಾಡಿಯಿಂದ ಯಾವುದೋ ಕೆಲಸಕ್ಕೆ ಬಂದಿದ್ದ ಒಬ್ಬ ಹೆಣ್ಣುಮಗಳು ತಂಬಿಗೆಯಲ್ಲಿದ್ದ ಮಜ್ಜಿಗೆ ಕೊಟ್ಟು, "ನಮ್ಮ ವಾಡ್ಯಾಗೂ ಹಾಲಿನ ಕೇಂದ್ರ ಅದ ರಿ, ಅದೂ ಹಾಕ್ರಿ" ಎಂದಳು. ವಾಡಿ ಎಷ್ಟು ದೂರ ಎಂದು ಕೇಳಿದೆ. ಮೂರು ಕಿಲೋಮೀಟರು, ನಡುವೆ ಹಳ್ಳ. ಬಿಸಿಲು ನೋಡಿದೆ, ಮಜ್ಜಿಗೆ ಕುಡಿದೆ, ಅಲ್ಲೇ ಒತ್ತಿದೆ. ನಾಳೆ ಎಳೆದು ಕೂರಿಸಿದರಾಯಿತು ಎಂದುಕೊಂಡೆ.

ನಲವತ್ತೊಂದು ಚುಕ್ಕೆ. ಪಟ್ಟಿಯಲ್ಲಿ ನನ್ನ ಹೆಸರು ಎಲ್ಲರಿಗಿಂತ ಮೇಲೆ. ತಿಂಗಳ ಸಭೆಯಲ್ಲಿ ಮ್ಯಾನೇಜರು ಚಪ್ಪಾಳೆ ಹೊಡೆಸಿ ಗಡಿಯಾರ ಕೊಟ್ಟರು. ಬಂಗಾರದ ಬಣ್ಣದ ಅಂಚು, ಗಂಟೆಗೊಮ್ಮೆ ಹಕ್ಕಿ ಕೂಗುವಂಥದ್ದು. ನಾಳೆ ಎಂಬುದು ಬರಲೇ ಇಲ್ಲ.

ಐದು ವರ್ಷ ಕಳೆಯಿತು. ನನ್ನ ನಿವೃತ್ತಿಗೆ ಇಪ್ಪತ್ತು ದಿನ ಉಳಿದಿತ್ತು. ಒಂದು ಮುಂಜಾನೆ ನಮ್ಮ ಮನೆಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಕೈಯಲ್ಲಿ ತುಪ್ಪದ ಡಬ್ಬಿ, ಮೂರು ಬಸ್ಸು ಬದಲಿಸಿದ ದಣಿವು.

"ಗುರುತು ಸಿಕ್ತೇನ್ರಿ? ಟಾಕಿ ಕೆಳಗ ಮಜ್ಜಗಿ ಕೊಟ್ಟಿದ್ನಲ್ರಿ. ಶಾಂತಾಬಾಯಿ. ನೀವು ಆವತ್ತ ಫೋನ್ ನಂಬರ ಬರದು ಕೊಟ್ಟಿದ್ರಿ, ನಂಬರ ಬದಲಿ ಆಗ್ಯದ. ಕೇಳ್ಕೋತ ಬಂದೆ."

ಒಳಗೆ ಕೂರಿಸಿ ಕೇಳಿದಾಗ ಗೊತ್ತಾದದ್ದು ಇದು. ವಾಡಿಯ ಕೇಂದ್ರದಿಂದ ಹಾಲು ಒಯ್ಯುವುದು ಭಾಲ್ಕಿಯ ಒಂದು ಖಾಸಗಿ ಡೈರಿಯ ವ್ಯಾನು. ಇಷ್ಟು ದಿನ ಹಳೆಯ ಡ್ರೈವರು ಔರಾದ ರಸ್ತೆಯ ಕಡೆಯಿಂದ ಸುತ್ತಿ ವಾಡಿಗೆ ಬರುತ್ತಿದ್ದ, ಅವನಿಗೆ ನಕ್ಷೆ ಬೇಕಿರಲಿಲ್ಲ. ಈಗ ಡೈರಿಯವರು ದಾರಿಗಳನ್ನೆಲ್ಲ ಫೋನಿನ ನಕ್ಷೆಯಿಂದ ಹೊಸದಾಗಿ ಹೊಂದಿಸಿದ್ದಾರೆ. ಹತ್ತಿರ ಹತ್ತಿರ ಇರುವ ಎರಡು ಕೇಂದ್ರಗಳನ್ನು ಒಂದು ಮಾಡುತ್ತಾರೆ. ನಕ್ಷೆಯಲ್ಲಿ ಟಾಕಿಯ ಊರಿನ ಕೇಂದ್ರವೂ ವಾಡಿಯ ಕೇಂದ್ರವೂ ಟಾಕಿಯ ಕೆಳಗೇ ಇವೆ. ಹಾಗಾಗಿ ಬರುವ ಒಂದನೇ ತಾರೀಖಿನಿಂದ ವಾಡಿಯ ಕೇಂದ್ರ ಬಂದ್.

"ಇಪ್ಪತ್ತು ಹೆಜ್ಜಿ ನಡದು ಟಾಕಿಗಿ ಹಾಲು ತರ್ರಿ ಅಂತಾರ್ರಿ. ಮೂರು ಕಿಲೋಮೀಟರ್ ಅದ ಅಂದ್ರ ನಕ್ಷಾ ತೋರಿಸ್ತಾರ. ಮಳಿಗಾಲದಾಗ ಹಳ್ಳ ಬಂದ್ರ ಕ್ಯಾನ್ ಹೊತ್ಕೊಂಡು ಹ್ಯಾಂಗ ದಾಟೂದ್ರಿ? ಎಮ್ಮಿ ಹಿಂಡೂದು, ಫ್ಯಾಟ್ ನೋಡೂದು, ಬುಕ್ ಬರಿಯೂದು ಎಲ್ಲಾ ನಾವು ಹೆಂಗಸರೇ ಕಲ್ತೀವಿ. ಕೇಂದ್ರ ಹೋದ್ರ ಎಲ್ಲಾರೂ ಮತ್ತ ಮನಿ ಒಳಗ."

ನಾನು ತಲೆ ತಗ್ಗಿಸಿ ಕೂತಿದ್ದೆ. ಆಗ ಗೋಡೆಯ ಮೇಲಿನ ಹಕ್ಕಿ ಕೂಗಿತು. ಶಾಂತಾಬಾಯಿ ತಲೆ ಎತ್ತಿ ನೋಡಿ, "ಗಡಿಯಾರ ಭಾಳ ಚಂದ ಅದ ರಿ. ಯಾರು ಕೊಟ್ರು?" ಎಂದಳು.

ಸುಳ್ಳು ಹೇಳಬಹುದಿತ್ತು. ಆದರೆ ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. "ಹೇಳ್ರಿ, ಯಾಕ ಕೊಟ್ರು ಹೇಳ್ರಿ" ಎಂದಳು. ಹೇಳಿದೆ. ಶಾಂತಾಬಾಯಿ ಒಂದು ಕ್ಷಣ ನನ್ನನ್ನೂ ಗಡಿಯಾರವನ್ನೂ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬದಲಿಗೆ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. ನನ್ನ ಹೆಂಡತಿಯೂ ಶುರುಮಾಡಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಹಂಗಾದ್ರ ಈ ಗಡಿಯಾರ ನಮ್ಮದಾತ್ರಿ. ಚುಕ್ಕಿ ಸರಿ ಮಾಡ್ರಿ, ಇಲ್ಲಂದ್ರ ಈಗೇ ಒಯ್ತೇನಿ" ಎಂದಳು ಶಾಂತಾಬಾಯಿ.

ನಾನು ಅಂದೇ ತಿದ್ದುಪಡಿ ಕಳಿಸಿದೆ. ಎರಡು ದಿನಕ್ಕೆ ಉತ್ತರ ಬಂತು: ತಿರಸ್ಕರಿಸಲಾಗಿದೆ. ಅರವತ್ತಕ್ಕೂ ಹೆಚ್ಚು ಜನ ಈ ಸ್ಥಳ ಸರಿಯಾಗಿದೆ ಎಂದು ಖಚಿತಪಡಿಸಿದ್ದಾರೆ. ನನ್ನ ಒಂದು ಇಲ್ಲ, ಅವರ ಅರವತ್ತು ಹೌದು. ಯಾರಪ್ಪಾ ಇವರು ಎಂದು ಬಸ್ಸು ಹತ್ತಿ ಟಾಕಿಯ ಊರಿಗೆ ಹೋದೆ. ಶಾಂತಾಬಾಯಿಯೂ ಬಂದಿದ್ದಳು. ಕಟ್ಟೆಯ ಮೇಲೆ ಟೇಲರ್ ಕಾಶಿನಾಥ ಫೋನು ಹಿಡಿದು ಕೂತಿದ್ದ.

"ಅದೇನು ನಾವೇ ಒತ್ತೀವ್ರಿ" ಎಂದ, ಹೆಮ್ಮೆಯಿಂದ. "ಟಾಕಿ ಕೆಳಗ ಬಂದ್ರ ಸಾಕು, 'ಈ ಜಾಗ ಇಲ್ಲೇ ಅದ ಏನು' ಅಂತ ಕೇಳ್ತದ. ಹೌದು ಅಂತ ಒತ್ತಿಬಿಡ್ತೇವಿ."

"ನಿನ್ನ ಅಂಗಡಿ ಇಲ್ಲಿ ಅದ ಏನಪ್ಪಾ?" ಎಂದೆ.

"ಇಲ್ಲೆಲ್ಲದ್ರಿ, ಗುಡಿ ಹಿಂದ ಅದ. ಅದು ನಿಮಗ ಗೊತ್ತದ, ನಮಗ ಗೊತ್ತದ. ಫೋನ್ ಪಾಪ ಅಷ್ಟು ಮರ್ಯಾದಿಲಿಂದ ಕೇಳ್ತದ, ಇಲ್ಲ ಅಂದ್ರ ಚಂದ ಕಾಣ್ತದೇನ್ರಿ?"

ಶಾಂತಾಬಾಯಿಯ ಕಡೆ ತಿರುಗಿದೆ. ಅವಳು ನೆಲ ನೋಡುತ್ತಿದ್ದಳು. "ನಾನೂ ಒತ್ತೀನ್ರಿ. ಮೂರು ಸಲ" ಎಂದಳು.

ಯಂತ್ರಕ್ಕೆ ಈ ಸೀಮೆಯ ಮರ್ಯಾದೆ ಗೊತ್ತಿಲ್ಲ. ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನದ ಜನ ನಾವು. ನನಗೂ ಅಂಥ ಮರ್ಯಾದೆಯಿಂದಲೇ ಹದಿನೆಂಟು ವರ್ಷ ಹೊಟ್ಟೆ ತುಂಬಿದೆ. ಈಗ ಅದೇ ನಮ್ಮ ಕಾಲಿಗೆ ತೊಡರಿಕೊಂಡಿತ್ತು. ಹೊಸದಾಗಿ ಸೇರುವವರು ಇದನ್ನು ನೆನಪಿಡಬೇಕು: ನೂರು ಜನ ಹೌದು ಎಂದಿದ್ದಾರೆ ಎಂದು ತೆರೆಯ ಮೇಲೆ ಕಂಡರೆ, ಅವರು ಎಲ್ಲಿ ಕೂತು ಹೌದೆಂದರು ಎಂದು ಕೇಳಿ.

ಮರುದಿನ ಭಾಲ್ಕಿಗೆ ಹೋದೆ. ಡೈರಿಯಲ್ಲಿ ವ್ಯಾನುಗಳ ದಾರಿ ಹೊಂದಿಸುವುದು ಕಾವ್ಯಾ ಎಂಬ ಹುಡುಗಿ. ದೊಡ್ಡ ಪರದೆಯ ಮೇಲೆ ಒಂದರ ಮೇಲೊಂದು ಕೂತ ಎರಡು ಚುಕ್ಕೆ ತೋರಿಸಿ, "ಇಷ್ಟು ಹತ್ತರ ಎರಡು ಕೇಂದ್ರ ಯಾಕ ಬೇಕ್ರಿ ಕಾಕಾ?" ಎಂದಳು. ನಡುವೆ ಮೂರು ಕಿಲೋಮೀಟರೂ ಒಂದು ಹಳ್ಳವೂ ಇದೆ ಎಂದೆ.

"ನಿಮಗ ಹ್ಯಾಂಗ ಗೊತ್ತು?"

"ಆ ಚುಕ್ಕಿ ಅಲ್ಲಿ ಇಟ್ಟಾಂವ ನಾನೇ."

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ನಾ ನಂಬ್ತೇನ್ರಿ. ಆದ್ರ ನಾ ಕೈಯಿಂದ ಬದಲಿ ಮಾಡಿದ್ರ ಮರುದಿನ ಕಂಪ್ಯೂಟರ್ ತಾನೇ ಎರಡೂ ಕೂಡಿಸಿ ಒಂದು ಮಾಡ್ತದ. ಡ್ರೈವರ್ ಹೊಸಬ, ಅಂವ ಫೋನ್ ಹೇಳಿದಲ್ಲಿ ಹೋಗ್ತಾನ. ಇಪ್ಪತ್ತೈದನೇ ತಾರೀಖಿಗಿ ಪಟ್ಟಿ ಪಕ್ಕಾ ಆಗ್ತದ. ಅದರೊಳಗ ಚುಕ್ಕಿ ಸರಿಸ್ರಿ, ನಾ ಕೇಂದ್ರ ಉಳಸ್ತೇನಿ."

ಹನ್ನೊಂದು ದಿನ ಇತ್ತು. ಬಸ್ಸಿನಲ್ಲಿ ಕೂತು ಯೋಚಿಸಿದೆ. ಎಲ್ಲರ ಫೋನಿನ ನಕ್ಷೆಯಲ್ಲಿ ಈಗ ಒಂದು ಸುಧಾರಣೆ ಆಗಿತ್ತು: ಸಿಗ್ನಲ್ ಇಲ್ಲದಲ್ಲಿ ಒತ್ತಿದರೂ ಒತ್ತಿದ ಜಾಗವನ್ನು ನೆನಪಿಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ. ಅರವತ್ತು ಹೌದನ್ನು ಸೋಲಿಸಲು ನನ್ನ ಒಂದು ಬೆರಳು ಸಾಲದು. ಊರೇ ಬೇಕು. ಪ್ರತಿಯೊಬ್ಬರೂ ತಮ್ಮ ತಮ್ಮ ಹೊಸ್ತಿಲಿಗೆ ಕಾಲಿಟ್ಟು ಒತ್ತಬೇಕು. ರಾವ್ ಸಾಹೇಬರು ಹದಿನೆಂಟು ವರ್ಷದ ಹಿಂದೆ ಹೇಳಿದ್ದನ್ನೇ ಈಗ ಇಡೀ ಊರಿಗೆ ಹೇಳಬೇಕು.

ಭಾನುವಾರ ಮುಂಜಾನೆ ಗುಡಿಯ ಮೈಕಿನಲ್ಲಿ ಕಾಶಿನಾಥ ಕೂಗಿದ: "ಎಲ್ಲಾರೂ ಕೇಳ್ರಿ! ಫೋನ್ ತಗೊಂಡು ತಮ್ಮ ತಮ್ಮ ಬಾಗಲದಾಗ ನಿಂದರ್ರಿ. ಹೊಸ್ತಿಲ ಮ್ಯಾಲ ಕಾಲಿರಬೇಕು. 'ಇಲ್ಲಿ ಅದ' ಅಂತ ಒತ್ತರಿ. ಆಮ್ಯಾಲ ಟಾಕಿಗಿ ಬರ್ರಿ. ಟಾಕಿ ಕೆಳಗ ಕೇಳಿದ್ರ ಮಾತ್ರ ಇಲ್ಲ ಅನ್ರಿ. ಮತ್ತ ಹೇಳ್ತೇನಿ, ಇಲ್ಲ ಅನ್ರಿ!"

ನಾನು ವಾಡಿಯಲ್ಲಿದ್ದೆ. ಐದು ವರ್ಷದ ನಂತರ ಮೊದಲ ಸಲ ಆ ಹಾಲಿನ ಕೇಂದ್ರವನ್ನು ಕಣ್ಣಾರೆ ನೋಡಿದೆ. ಕಲ್ಲಿನ ಒಂದು ಕೋಣೆ, ಸುಣ್ಣ ಬಳಿದ ಗೋಡೆ, ತೊಳೆದು ಬೋರಲು ಹಾಕಿದ ಕ್ಯಾನುಗಳು, ಹೊಸ್ತಿಲಿಗೆ ಅರಿಶಿನ ಕುಂಕುಮ. ಬಾಗಿಲ ಮೇಲಿನ ಬೋರ್ಡಿನ ಅಕ್ಷರಗಳು ಡೊಂಕಾಗಿದ್ದವು, ನೋಡಿ ನನ್ನ ಹಳೆಯ ಕೈ ತುರಿಸಿತು. ಹದಿನಾಲ್ಕು ಹೆಂಗಸರು, ಹದಿನಾಲ್ಕು ಫೋನು. ಕೆಲವು ಗಂಡಂದಿರಿಂದ ಕಸಿದು ತಂದವು. ಒಬ್ಬೊಬ್ಬರೂ ಸರದಿಯಲ್ಲಿ ಬಂದು ಹೊಸ್ತಿಲ ಮೇಲೆ ಬಲಗಾಲಿಟ್ಟು, ಮದುಮಗಳು ಮನೆಯೊಳಗೆ ಬರುವಷ್ಟು ಗಂಭೀರವಾಗಿ ಒತ್ತಿದರು.

ಆಮೇಲೆ ಮೂರು ಕಿಲೋಮೀಟರು ನಡಿಗೆ. ಅದೇ ವಾರ ಮಳೆಯಾಗಿ ಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತು. ಫೋನುಗಳನ್ನೆಲ್ಲ ಒಂದು ಖಾಲಿ ಹಾಲಿನ ಕ್ಯಾನಿಗೆ ಹಾಕಿ ಮುಚ್ಚಳ ಬಿಗಿದು, ಶಾಂತಾಬಾಯಿ ತಲೆಯ ಮೇಲೆ ಹೊತ್ತಳು. ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು, ಚೀರಿ, ನಕ್ಕು, ನನ್ನನ್ನು ನಡುವೆ ಹಾಕಿಕೊಂಡು ದಾಟಿಸಿದರು. ಆ ಏಪ್ರಿಲ್ ಮಧ್ಯಾಹ್ನ ನಾನು ನಡೆಯದೆ ಬಿಟ್ಟ ದಾರಿ ಇದು. ನಡೆದಿದ್ದರೆ ಎಷ್ಟು ಸೊಗಸು ನೋಡುತ್ತಿದ್ದೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಟಾಕಿ ಹತ್ತಿರ ಬಂದು ಮುಚ್ಚಳ ತೆಗೆದೊಡನೆ ಸಿಗ್ನಲ್ ಸಿಕ್ಕು, ಕ್ಯಾನಿನ ಒಳಗಿನಿಂದ ಹದಿನಾಲ್ಕು ಫೋನುಗಳೂ ಟಿಣ್ ಟಿಣ್ ಎನ್ನತೊಡಗಿದವು. ಕಟ್ಟೆಯ ತುಂಬ ಊರು ನೆರೆದಿತ್ತು. ಫೋನುಗಳು ಕೈಗೆ ಬಂದವು. ಬಂದೊಡನೆ ಪ್ರಶ್ನೆಯೂ ಬಂತು: ಈ ಜಾಗ ಇಲ್ಲೇ ಇದೆಯೇ? ಎಲ್ಲರ ಹೆಬ್ಬೆರಳೂ ರೂಢಿಯಂತೆ ಹೌದಿನ ಕಡೆ ಹೊರಟಿತು.

"ಏ! ಹೌದು ಅನಬ್ಯಾಡ್ರಿ!" ಶಾಂತಾಬಾಯಿ ಚೀರಿದಳು. "ಇವತ್ತೊಂದು ದಿನ ಮರ್ಯಾದಿ ಬಿಡ್ರಿ!"

ಹೆಬ್ಬೆರಳುಗಳು ನಿಂತವು. ಮೆಲ್ಲಗೆ ಪಕ್ಕಕ್ಕೆ ಸರಿದು 'ಇಲ್ಲ' ಎಂಬುದರ ಮೇಲೆ ಬಿದ್ದವು. ಗಿರಣಿಯ ಮುದುಕ ಒಬ್ಬರು ಮಾತ್ರ ಆಗಲೇ ಹೌದು ಒತ್ತಿಬಿಟ್ಟಿದ್ದರು. "ಏನು ಮಾಡ್ಲಿ, ಇಲ್ಲ ಅನ್ನೂದು ಬಾಯಿಗಿ ಬರಲಿಲ್ಲ" ಎಂದು ತಲೆ ಕೆರೆದುಕೊಂಡರು. ಇಡೀ ಕಟ್ಟೆ ನಕ್ಕಿತು.

ಆಮೇಲೆ ಕಾಯುವ ಕೆಲಸ. ಊಟಕ್ಕೆ ಕೂತರೆ ಫೋನು, ಎದ್ದರೆ ಫೋನು. ನನ್ನ ಹೆಂಡತಿ, "ಮದವಿ ಹೊತ್ತಿನಾಗೂ ನನ್ನ ಮಾರಿ ಇಷ್ಟು ಸಲ ನೋಡಿಲ್ಲ ನೀವು" ಎಂದಳು. ಇಪ್ಪತ್ತೆರಡಕ್ಕೆ ಟೇಲರ್ ಅಂಗಡಿ ಗುಡಿಯ ಹಿಂದಕ್ಕೆ ಹೋಯಿತು. ಇಪ್ಪತ್ಮೂರಕ್ಕೆ ಸಾಲೆ ಊರ ಹೊರಗೆ ಹೋಯಿತು. ಗಿರಣಿ ಅಲ್ಲಾಡಲಿಲ್ಲ. ವಾಡಿಯ ಹಾಲಿನ ಕೇಂದ್ರವೂ ಅಲ್ಲಾಡಲಿಲ್ಲ. ಇಪ್ಪತ್ನಾಲ್ಕು ಪೂರ್ತಿ ಹಾಗೇ ಹೋಯಿತು. ಶಾಂತಾಬಾಯಿ ಟಾಕಿಯ ಕೆಳಗಿನಿಂದ ಮೂರು ಸಲ ಫೋನು ಮಾಡಿದಳು.

ಇಪ್ಪತ್ತೈದರ ಮುಂಜಾನೆ ಹತ್ತೂವರೆಗೆ ಕಾವ್ಯಾಳ ಫೋನು ಬಂತು. "ಕಾಕಾ, ಚುಕ್ಕಿ ಹಳ್ಳ ದಾಟ್ಯದ್ರಿ!"

ನಾನು ಕಚೇರಿಯಲ್ಲಿ ಕುರ್ಚಿಯಿಂದ ಎದ್ದು ಕೂಗಿದೆನಂತೆ. ನನಗೆ ನೆನಪಿಲ್ಲ, ಮ್ಯಾನೇಜರು ಹೇಳಿದರು. ಹದಿನೆಂಟು ವರ್ಷದಲ್ಲಿ ಎಷ್ಟು ಚುಕ್ಕೆ ಇಟ್ಟೆನೋ ಲೆಕ್ಕವಿಲ್ಲ. ಅತ್ತದ್ದು ಮಾತ್ರ ಆ ಒಂದಕ್ಕೆ, ಅದೂ ಸಂತೋಷದಿಂದ.

ತಿಂಗಳ ಕೊನೆಗೆ ನಿವೃತ್ತನಾದೆ, ಒಂದನೇ ತಾರೀಖು ಬೆಳಕು ಹರಿಯುವಾಗ ವಾಡಿಯಲ್ಲಿದ್ದೆ. ಹಿಂದಿನ ಸಂಜೆಯೇ ಹೋಗಿ ಬೋರ್ಡನ್ನು ಹೊಸದಾಗಿ ಬರೆದಿದ್ದೆ. ಟವೆಲಿನಲ್ಲಿ ಸುತ್ತಿ ಒಯ್ದಿದ್ದ ಗಡಿಯಾರವನ್ನು ಶಾಂತಾಬಾಯಿ ಕ್ಯಾನುಗಳ ಮೇಲಿನ ಮೊಳೆಗೆ ತೂಗುಹಾಕಿದಳು. ಆರೂಕಾಲಿಗೆ ಔರಾದ ರಸ್ತೆಯ ಕಡೆಯಿಂದ ವ್ಯಾನಿನ ಸದ್ದು ಕೇಳಿತು. ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ನಿಂತರು. ಹೊಸ ಡ್ರೈವರು ಯಾರನ್ನೂ ದಾರಿ ಕೇಳದೆ, ಫೋನು ನೋಡುತ್ತ ಬಂದು ಸರಿಯಾಗಿ ಬಾಗಿಲ ಮುಂದೆ ನಿಲ್ಲಿಸಿದ. ಕೆಳಗಿಳಿದು ಫೋನನ್ನು ಶಾಂತಾಬಾಯಿಯ ಮುಂದೆ ಹಿಡಿದ.

"ಬಾಯಿ, ಇದೇನೋ ಕೇಳ್ಲತದ ನೋಡ್ರಿ. ಈ ಜಾಗ ಇಲ್ಲೇ ಅದ ಏನು ಅಂತ."

"ತಡೀರಿ, ನೋಡಿ ಹೇಳ್ತೇನಿ" ಎಂದಳು ಶಾಂತಾಬಾಯಿ. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಎರಡು ಹೆಜ್ಜೆ ಹಿಂದೆ ಸರಿದು ಹೊಸ್ತಿಲ ಮೇಲೆ ಬಲಗಾಲಿಟ್ಟಳು. ಬೋರ್ಡು ನೋಡಿದಳು, ಕ್ಯಾನುಗಳನ್ನು ನೋಡಿದಳು, ಗೋಡೆಯ ಗಡಿಯಾರವನ್ನು ನೋಡಿದಳು, ಕೊನೆಗೆ ನನ್ನ ಕಡೆ ನೋಡಿ ನಕ್ಕಳು. ಆಮೇಲೆ ಹೌದು ಎಂದು ಒತ್ತಿದಳು.